ಹೊರಕ್ಕೆ ತೆರೆಯುವ ಬಾಗಿಲು

ನಮ್ಮ ಮನೆಯ ಬಾಗಿಲುಗಳು ಹೊರಕ್ಕೆ ತೆರೆಯುತ್ತವೆ. ಮೊದಲ ಸಲ ಬಂದವರು ಅವನ್ನು ಒಳಕ್ಕೆ ತಳ್ಳುತ್ತಾರೆ, ಅಲುಗದಿದ್ದಾಗ ಒಳಗಿನಿಂದ ಹಾಕಿದೆಯೆಂದು ತಿಳಿದು ಹೊರಗೆ ನಿಂತು ಕೂಗುತ್ತಾರೆ. ನಾವು ಒಳಗಿನಿಂದ "ಎಳೀರಿ, ಎಳೀರಿ" ಎಂದು ಕೂಗುತ್ತೇವೆ. ಉಮರ್ಗಾ ತಾಲೂಕಿನ ನಮ್ಮ ಊರು ಭೂಕಂಪದಲ್ಲಿ ಬಿದ್ದು, ಸ್ವಲ್ಪ ಆಚೆ ಹೊಸ ಜಾಗದಲ್ಲಿ ಹೊಸ ಊರು ಎದ್ದಾಗ, ನನ್ನ ಅಜ್ಜ ಬಡಿಗನನ್ನು ಕರೆಸಿ ಸಿಕ್ಕ ಮನೆಯ ಬಾಗಿಲುಗಳನ್ನೆಲ್ಲ ಬಿಚ್ಚಿಸಿ ತಿರುವಿ ಕೂಡಿಸಿದನಂತೆ. ಒಳಗಿದ್ದವರು ಬರೀ ತಳ್ಳಿದರೆ ತೆರೆಯಬೇಕು ಎಂಬುದು ಅವನ ಲೆಕ್ಕ. ಒಳಗಿನ ಚಿಲಕಗಳನ್ನೂ ಕೀಳಿಸಿದ. ತಲೆಬಾಗಿಲಿಗೆ ಹೊರಗಿನಿಂದ ಬೀಗ ಹಾಕಲು ಒಂದು ಕೊಂಡಿ ಉಳಿಯಿತು, ಅಷ್ಟೇ. ಬಚ್ಚಲಿಗೂ ಚಿಲಕವಿಲ್ಲ. ಒಳಗೆ ಯಾರಾದರೂ ಇದ್ದರೆ ಹೊಸ್ತಿಲ ಹೊರಗೆ ಒಂದು ತಂಬಿಗೆ ಇಡುವುದು ನಮ್ಮ ರೂಢಿ, ತಂಬಿಗೆ ಕಂಡವರು ಬಾಗಿಲು ಮುಟ್ಟುವುದಿಲ್ಲ. ನೆಂಟರು ಬಂದಾಗ ಈ ತಂಬಿಗೆಯಿಂದ ಆದ ಫಜೀತಿಗಳನ್ನು ಬರೆಯಲು ಕೂತರೆ ಬೇರೆಯೇ ಪುಸ್ತಕ ಬೇಕಾದೀತು.

ಇದರ ಹಿಂದಿನ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ನನಗೆ ಅವ್ವ ಒಂದೇ ಒಂದು ಸಲ ಹೇಳಿದಳು, ಅದೂ ಆಯಿ ಹೊಲಕ್ಕೆ ಹೋಗಿದ್ದಾಗ. ಸುತ್ತಲಿನ ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಮನೆಯ ಕನ್ನಡದಲ್ಲಿ ಅಜ್ಜಿ, ಅಪ್ಪನ ತಾಯಿ. ಅಪ್ಪನಿಗೆ ಒಬ್ಬ ತಂಗಿ ಇದ್ದಳು. ಹತ್ತನೆಯ ತರಗತಿಯ ಹುಡುಗಿ, ಓದಿಗೆಂದು ಒಳಕೋಣೆಯಲ್ಲಿ ಒಬ್ಬಳೇ ಮಲಗುತ್ತಿದ್ದಳು. ಹಾಲಿನ ಗಡಿಗೆಯೂ ಆ ಕೋಣೆಯಲ್ಲೇ ಇರುತ್ತಿತ್ತು. "ಬೆಕ್ಕ ಬರ್ತದ, ಚಿಲಕ ಹಾಕ್ಕೊ" ಎಂದು ಹೇಳಿದವಳು ಆಯಿಯೇ. ನೆಲ ನಡುಗಿ ಗೋಡೆ ವಾಲಿದಾಗ ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಒಳಗೆ ಚಿಲಕ ಸರಿಯಲಿಲ್ಲ, ಹೊರಗಿನಿಂದ ಒದ್ದರೆ ಹಲಗೆ ಮುರಿಯಲಿಲ್ಲ. ಸ್ವಲ್ಪ ಹೊತ್ತು ಅತ್ತೆಯ ದನಿ ಬರುತ್ತಿತ್ತಂತೆ. ಆಮೇಲೆ ತಲೆಯ ಮೇಲಿನ ಮಾಳಿಗೆಯ ಮಣ್ಣು ಇಳಿಯಿತು, ದನಿ ನಿಂತಿತು.

ನಾನು ಹುಟ್ಟಿದ್ದು ಇದೆಲ್ಲ ಆಗಿ ಎಷ್ಟೋ ವರ್ಷಕ್ಕೆ. ಆದರೆ ನನಗೆ ಬುದ್ಧಿ ಬಂದಾಗಿನಿಂದ ಕಂಡಿದ್ದೇನೆ, ಆಯಿ ಎರಡನ್ನು ತಡೆಯಲಾರಳು. ಒಂದು, ಒಳಗೆ ಮನುಷ್ಯರಿದ್ದೂ ಮುಚ್ಚಿದ ಬಾಗಿಲು. ಇನ್ನೊಂದು, ಅದರ ಆಚೆ ಸದ್ದಿಲ್ಲದಿರುವುದು. ಉಳಿದಂತೆ ಆಕೆ ಹೆದರುವ ಹೆಂಗಸಲ್ಲ. ದೇವಣಿ ಹೋರಿಯ ಮೂಗುದಾರ ಹಿಡಿದು ಬೈಯುತ್ತಾ ಎಳೆದುಕೊಂಡು ಬರುವವಳು.

ನನ್ನ ಪರೀಕ್ಷೆ ಕೇಳಿದ್ದು ಸರಿಯಾಗಿ ಆ ಎರಡನ್ನೇ.

ನಮ್ಮ ಕಡೆ ಹುಷಾರ್ ಮಕ್ಕಳೆಂದರೆ ಲಾತೂರಿಗೆ ಹೋಗಿ ಡಾಕ್ಟರಾಗುವ ಟ್ಯೂಷನ್ ಸೇರಬೇಕು, ಇಲ್ಲವಾದರೆ ಅವರು ಹುಷಾರಲ್ಲ. ನನಗೆ ಕಪ್ಪೆ ಕೊಯ್ಯುವ ಮನಸ್ಸಿರಲಿಲ್ಲ. ಕತೆ, ಕವಿತೆ, ಇತಿಹಾಸ ಇವನ್ನು ಓದಬೇಕಿತ್ತು. ಪುಣೆಯ ಒಂದು ಕಾಲೇಜಿನಲ್ಲಿ ಅದಕ್ಕೆ ಸೀಟು ಇತ್ತು, ಹಾಸ್ಟೆಲ್ ಇತ್ತು, ಹನ್ನೆರಡನೆಯ ತರಗತಿಯ ಅಂಕಗಳ ಜೊತೆಗೆ ಇಂಗ್ಲಿಷಿನಲ್ಲಿ ಓದುವ ಬರೆಯುವ ಒಂದು ಪರೀಕ್ಷೆ ಇತ್ತು. ಶಾಲೆ ಕಾಲೇಜುಗಳೆಲ್ಲ ಮುಚ್ಚಿ ಎಲ್ಲವೂ ಮೊಬೈಲಿಗೆ ಬಂದಿದ್ದ ವರ್ಷ ಅದು. ಪರೀಕ್ಷೆಯೂ ಮನೆಯಿಂದಲೇ, ಕಂಪ್ಯೂಟರಿನ ಕ್ಯಾಮೆರಾದ ಎದುರು. ಅಪ್ಪ ಒಂದು ಮಾತು ಹೇಳಿದ: "ಒಂದ್ಸಲ ನೋಡು. ಆತಂದ್ರ ಪುಣೆ. ಆಗ್ಲಿಲ್ಲಂದ್ರ ಉಮರ್ಗಾದಾಗ ಸಿಕ್ಕಿದ್ದು ಓದು, ಮತ್ತ ಮಾರಿ ಸಣ್ಣ ಮಾಡಬ್ಯಾಡ." ಅಪ್ಪ ಮಾತು ಕೊಟ್ಟರೂ ಹಾಗೆಯೇ, ಕಿತ್ತುಕೊಂಡರೂ ಹಾಗೆಯೇ. ಒಂದು ಸಲ ಎಂದರೆ ಒಂದೇ ಸಲ.

ನಿಯಮಗಳ ಕಾಗದವನ್ನು ನಾನು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ಕೋಣೆಯಲ್ಲಿ ಒಬ್ಬಳೇ ಇರಬೇಕು. ಬಾಗಿಲು ಮುಚ್ಚಿರಬೇಕು. ದನಿ ಮಾಡಬಾರದು, ತುಟಿ ಆಡಿಸಬಾರದು. ಮುಖ ಕ್ಯಾಮೆರಾದಿಂದ ಸರಿಯಬಾರದು. ತಪ್ಪಿದರೆ ಎಚ್ಚರಿಕೆ ಬರುತ್ತದೆ, ಮೂರನೆಯ ಎಚ್ಚರಿಕೆಗೆ ಪರೀಕ್ಷೆ ರದ್ದು. ತೊಗರಿ ಹಸನು ಮಾಡುತ್ತಿದ್ದ ಆಯಿ ಮೊರ ನಿಲ್ಲಿಸಿದಳು.

"ಬಾಗಿಲಾ ಯಾಕ ಮುಚ್ಚಬೇಕಂತ?"

"ಕಾಪಿ ಹೊಡಿಬಾರದಂತ, ಆಯಿ."

"ತೆರದಿಟ್ಟ ಬಾಗಿಲದಾಗ ಕಳ್ಳತನ ಮಾಡೋದು ಕಷ್ಟ, ಮುಚ್ಚಿದ್ರ ಸಸಾರ. ಇಷ್ಟೂ ತಿಳಿಯಾಂಗಿಲ್ಲೇನ ಆ ಪುಣೆದವ್ರಿಗಿ?" ಎಂದು ಮತ್ತೆ ಮೊರ ಕೇರತೊಡಗಿದಳು. ಮಾತು ಸರಿಯೇ ಇತ್ತು, ಆದರೆ ಪುಣೆಯವರಿಗೆ ಹೇಳುವವರು ಯಾರು.

ಬೇರೆ ಕಡೆ ಕೂತು ಬರೆಯುವಂತೆಯೂ ಇರಲಿಲ್ಲ. ಉದಗೀರದ ಸೋದರಮಾವ ನಮ್ಮ ಮನೆಗೆ ಬಾ ಎಂದಿದ್ದ, ಅಷ್ಟರಲ್ಲಿ ಅವನ ಮನೆಯಲ್ಲಿ ಇಬ್ಬರಿಗೆ ಕೆಮ್ಮು ಬಂತು. ಆ ವರ್ಷ ಕೆಮ್ಮು ಎಂದರೆ ಊರೆಲ್ಲ ದೂರ. ಮಾವ ತನ್ನ ಲ್ಯಾಪ್‌ಟಾಪನ್ನು ಚೀಲದಲ್ಲಿ ಕಟ್ಟಿ ನಿಲಂಗಾದವರೆಗೆ ಯಾರದೋ ಗಾಡಿಯಲ್ಲಿ ಕಳಿಸಿದ, ಅಲ್ಲಿಂದ ಅಪ್ಪ ಮೋಟರ್ ಸೈಕಲ್ಲಿನಲ್ಲಿ ತಂದ. ಹತ್ತಿರದ ಮುರುಮ್ ಊರಿನ ಟವರಿನ ನೆಟ್‌ವರ್ಕ್ ನಮ್ಮ ಮನೆಯ ಒಂದೇ ಕೋಣೆಗೆ ಒಲಿದಿತ್ತು, ಅದು ಕಾಳಿನ ಕೋಣೆ. ಸೋಯಾಬೀನ್, ತೊಗರಿ, ಜೋಳದ ಚೀಲಗಳನ್ನು ಒಂದು ಗೋಡೆಗೆ ಒಟ್ಟಿ, ನಡುವೆ ನನಗೊಂದು ಮೇಜು ಹಾಕಿದರು. ಮೊದಲ ದಿನ ಕ್ಯಾಮೆರಾ ಸರಿಯಿದೆಯೇ ಎಂದು ಹಚ್ಚಿ ನೋಡಿದಾಗಲೇ ಅದು ನನ್ನ ಹಿಂದೆ ಇನ್ನೊಬ್ಬರು ಇದ್ದಾರೆ ಎಂದಿತು. ತಿರುಗಿ ನೋಡಿದರೆ ಅಪ್ಪ ತನ್ನ ರುಮಾಲನ್ನು ಜೋಳದ ಚೀಲದ ತಲೆಗೆ ಇಟ್ಟು ಹೋಗಿದ್ದ.

ಪಾಠ ಹೇಳುತ್ತಿದ್ದವರು ನಿಲಂಗಾದ ಒಬ್ಬ ಸರ್. ಕಾಲೇಜಿನಿಂದ ನಿವೃತ್ತರಾದವರು, ಬೆಳಗ್ಗೆ ಏಳಕ್ಕೆ ಮೊಬೈಲಿನಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಈ ಪರೀಕ್ಷೆಯ ತಯಾರಿ ಮಾಡಿಸುತ್ತಿದ್ದರು. ಕಲಿಸುವುದು ಇಂಗ್ಲಿಷಿನಲ್ಲಿ, ಬೈಯುವುದು ಮರಾಠಿಯಲ್ಲಿ. ನನ್ನೊಬ್ಬಳನ್ನು ಬೈಯುವಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು, ಅವರ ತಾಯಿಯ ಕಡೆಯವರು ಬಸವಕಲ್ಯಾಣದವರಂತೆ. ಆ ಕನ್ನಡ ಕೇಳುವ ಭಾಗ್ಯ ನನಗೆ ಎರಡನೆಯ ದಿನವೇ ಬಂತು. ಎಲ್ಲರೂ ಮನಸ್ಸಿನಲ್ಲಿ ಓದಿ ಎಂದು ಒಂದು ಪುಟ ಕಳಿಸಿದ್ದರು. ನನ್ನ ಮೈಕ್ ಬಂದ್ ಆಗಿರಲಿಲ್ಲ.

"ಯವ್ವಾ, ಇದು ಯಾರ ಮನ್ಯಾಗ ಕೀರ್ತನಿ ನಡದದ?"

ನಾನು ಓದುತ್ತಿದ್ದುದು ಜೇನುಹುಳುಗಳ ಬಗ್ಗೆ. ಆದರೆ ಓದುವುದೆಂದರೆ ನನಗೆ ಒಂದೇ ರೀತಿ ಗೊತ್ತಿತ್ತು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಪಾರಾಯಣ. ಶಿವಶರಣರ ಪೋಥಿ, ಅಂದರೆ ಪುರಾಣದ ಪುಸ್ತಕ, ಕೆಂಪು ಬಟ್ಟೆಯಿಂದ ಬಿಚ್ಚಿ ಮಣೆಯ ಮೇಲೆ ಇಡುತ್ತಾರೆ. ನಾಲ್ಕನೆಯ ತರಗತಿಯಿಂದ ಓದುವವಳು ನಾನೇ, ಆಯಿಗೆ ಅಕ್ಷರ ಬರುವುದಿಲ್ಲ. ಮೊದಲು ಪೋಥಿಯನ್ನು ಹಣೆಗೆ ಮುಟ್ಟಿಸಬೇಕು. ದನಿ ಎತ್ತಿ, ರಾಗವಾಗಿ, ಅಂಗಳದಲ್ಲಿ ಕೂತವರಿಗೂ ಕೇಳುವಂತೆ ಓದಬೇಕು. ಒಂದಕ್ಷರ ಹಾರಿಸಬಾರದು. ಅಧ್ಯಾಯದ ನಡುವೆ ಏಳಬಾರದು. ಓದಿದವರಿಗೆ ಏನು ಫಲ ಎಂದು ಹೇಳುವ ಫಲಶ್ರುತಿ ಎಲ್ಲಕ್ಕೂ ಕೊನೆಗೆ. ಸರ್ ಹೇಳಿದ್ದು ಇದರ ಪೂರಾ ಉಲ್ಟಾ. ಮೊದಲು ಪ್ರಶ್ನೆ ನೋಡು, ಆಮೇಲೆ ಪುಟ. ಬೇಡದ ಸಾಲು ಹಾರಿಸು. ಸಿಕ್ಕ ಕೂಡಲೇ ಮುಂದೆ ನಡೆ. ಫಲಶ್ರುತಿ ಮೊದಲು ಓದಿ ಪುರಾಣ ಕೊನೆಗೆ ಓದು ಎಂದಂತಾಯಿತು. ಮೊದಲ ವಾರ ನಾನು ಅರ್ಧ ಪ್ರಶ್ನೆಗಳಿಗೆ ತಲುಪುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು.

ಆಯಿಗೆ ಮಾತ್ರ ನನ್ನ ಹಳೆಯ ಓದೇ ಸೊಗಸು. ಕಾಳಿನ ಕೋಣೆಯ ಬಾಗಿಲು ತೆರೆದಿಟ್ಟು ನಾನು ಇಂಗ್ಲಿಷನ್ನು ಪೋಥಿಯ ರಾಗದಲ್ಲಿ ಓದುತ್ತಿದ್ದರೆ, ಆಕೆ ಅಂಗಳದಲ್ಲಿ ಕೂತು ತಲೆದೂಗುತ್ತಿದ್ದಳು. ಪುಟ ಮುಗಿದಾಗ "ಹರಹರ" ಎನ್ನುತ್ತಿದ್ದಳು. ಒಂದು ದಿನ ಹಿಮದ ಸಮುದ್ರದಲ್ಲಿ ಸಿಕ್ಕಿಕೊಂಡ ಹಡಗಿನ ಕತೆ ಬಂದಿತ್ತು, ಅದರ ಅರ್ಥ ಹೇಳು ಎಂದಳು, ಹೇಳಿದೆ.

"ಮುಂದ? ಅಂವಾ ಮನಿ ಮುಟ್ಟಿದನಾ ಇಲ್ಲಾ?"

"ಗೊತ್ತಿಲ್ಲ ಆಯಿ. ಅಲ್ಲಿಗೇ ಮುಗೀತದ, ಮುಂದ ಪ್ರಶ್ನೆ ಅವ."

"ಮನಿಷ್ಯಾನ ನಡುನೀರಾಗ ಬಿಟ್ಟು ಪ್ರಶ್ನೆ ಕೇಳ್ತಾರ. ಥೂ, ಎಂಥಾ ಪೋಥಿನೋ."

ನನ್ನ ದನಿ ಬರುತ್ತಿರುವವರೆಗೆ ಆಕೆ ಆರಾಮ ಇರುತ್ತಿದ್ದಳು. ತೊಂದರೆ ಶುರುವಾದದ್ದು ನಾನು ಸರ್ ಹೇಳಿದಂತೆ ಬಾಯಿ ಮುಚ್ಚಿ ಓದಲು ಕಲಿತಾಗ. ಹಲ್ಲುಗಳ ನಡುವೆ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದೆ, ತುಟಿ ಆಡಿದರೆ ಖಾರ ನಾಲಿಗೆಗೆ ಹತ್ತಬೇಕು ಎಂದು. ಹದಿನೈದು ದಿನಕ್ಕೆ ತುಟಿ ನಿಂತವು. ಓದಿನ ವೇಗವೂ ಬಂತು. ನಾನು ಬೀಗಿದೆ. ಆದರೆ ನನ್ನ ದನಿ ನಿಂತ ಕೂಡಲೇ ಅಂಗಳದಿಂದ ಆಯಿಯ ದನಿ ಶುರುವಾಯಿತು.

"ಏ ಹುಡುಗಿ, ಒಳಗ ಏನ್ ಮಾಡ್ಲಾಕತ್ತಿ? ದನಿನೇ ಬರವಲ್ದು."

"ಓದ್ಲಾಕತ್ತೀನಿ ಆಯಿ."

ಐದು ನಿಮಿಷಕ್ಕೆ ಮತ್ತೆ ಅದೇ. ಬಾಗಿಲು ತೆರೆದಿದ್ದಾಗಲೇ ಹೀಗೆ.

ಪರೀಕ್ಷೆ ನಡೆಸುವವರು ಮೂರು ಸಲ ಪ್ರಾಕ್ಟೀಸಿಗೆ ಅವಕಾಶ ಕೊಟ್ಟಿದ್ದರು. ಎಲ್ಲ ಖರೇ ಪರೀಕ್ಷೆಯಂತೆಯೇ, ಕ್ಯಾಮೆರಾ, ಎಚ್ಚರಿಕೆ ಎಲ್ಲ. ಮೊದಲನೆಯದಕ್ಕೆ ನಾನು ಬಾಗಿಲು ಎಳೆದುಕೊಂಡು ಕೂತೆ. ಹತ್ತು ಹನ್ನೆರಡು ನಿಮಿಷ ಆಗಿರಬಹುದು, ಬಾಗಿಲು ಧಡಾರನೆ ತೆರೆಯಿತು. ಆಯಿ ಶೇಂಗಾ ಬೆಲ್ಲದ ಬಟ್ಟಲು ಹಿಡಿದು ನಿಂತಿದ್ದಳು. ಬಟ್ಟಲು ನೆಪ. ಮುಖ ನೋಡಿದರೆ ಓಡಿ ಬಂದವಳಂತೆ ಉಸಿರು ಬಿಡುತ್ತಿದ್ದಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಆಕೆ ಹೋದಳು, ಮತ್ತೆ ಬಂದಳು, ಮತ್ತೆ ಕೆಂಪು. ಮೂರನೆಯ ಸಲಕ್ಕೆ ಪರದೆ ಬಿಳಿಯಾಗಿ ನಿಂತಿತು.

ಎರಡನೆಯ ಪ್ರಾಕ್ಟೀಸಿಗೆ ಆಯಿಯನ್ನು ಅವ್ವ ಅಡುಗೆಮನೆಯಲ್ಲಿ ಹಿಡಿದು ಕೂಡಿಸಿದ್ದಳು. ಈ ಸಲ ಗಾಳಿ ಕೆಡಿಸಿತು. ಆಷಾಢದ ಗಾಳಿ ನಮ್ಮ ಬಯಲಿನಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಚಿಲಕವಿಲ್ಲದ, ಹೊರಕ್ಕೆ ತೆರೆಯುವ ಬಾಗಿಲು, ಗಾಳಿ ಎಳೆದಾಗೊಮ್ಮೆ ತೆರೆದು ಗೋಡೆಗೆ ಬಡಿಯಿತು. ಎದ್ದು ಮುಚ್ಚಲು ಹೋದೆ, ಮುಖ ಕಾಣುತ್ತಿಲ್ಲ ಎಂದು ಕೆಂಪು. ಮತ್ತೆ ತೆರೆಯಿತು. ಮೂರನೆಯ ಕೆಂಪು ಬರುವ ಹೊತ್ತಿಗೆ ಆಯಿ ಅವ್ವನ ಕೈ ಬಿಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. "ಬಾಗಿಲಾ ಬಡದದ್ದು ಕೇಳಿ ಬಂದೆ" ಎಂದಳು.

ನನ್ನ ಸಿಟ್ಟು ಹುಟ್ಟಿನಿಂದ ಮೂಗಿನ ತುದಿಯಲ್ಲೇ ಇದೆ. ಅಂದು ನಾನು ಹೇಳಬಾರದ್ದನ್ನು ಹೇಳಿದೆ.

"ಬಾಗಿಲಾ ಮುಚ್ಚಿದ್ರ ಯಾರೂ ಸಾಯಾಂಗಿಲ್ಲ, ಆಯಿ!"

ಆಯಿಯ ಹಿಂದೆಯೇ ಓಡಿಬಂದ ಅವ್ವ ಅಂಗಳದಲ್ಲೇ ನಿಂತಳು. ಆಯಿ ಸೆರಗು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು ದನದ ಕೊಟ್ಟಿಗೆಯ ಕಡೆ ನಡೆದಳು. ಅವ್ವ ಬಂದು ನನ್ನ ಕೆನ್ನೆಗೆ ಒಂದು ಬಿಡುತ್ತಾಳೆ ಎಂದುಕೊಂಡೆ, ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಯಾವ ಪುಟದಲ್ಲೂ ಇರಲಿಲ್ಲ. ಪರೀಕ್ಷೆಯೇ ಬೇಡ, ಉಮರ್ಗಾದಲ್ಲೇ ಓದುತ್ತೇನೆ ಎಂದು ಅಪ್ಪನಿಗೆ ಹೇಳಿಬಿಡಬೇಕು ಎಂದು ತೀರ್ಮಾನ ಮಾಡಿದೆ.

ಮರುದಿನ ಬೆಳಗ್ಗೆ ಹೇಳಲು ಹೊರಟವಳು ಅಂಗಳದಲ್ಲೇ ನಿಂತೆ. ಆಯಿ ಚೀಲ ಹೊಲಿಯುವ ಸುತಳಿಯ ಉಂಡೆ ಹಿಡಿದು ಕಾಳಿನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಮುಖ ನೋಡದೆ ಮಾತಾಡಿದಳು.

"ನಿಮ್ಮಪ್ಪ ಕೂಸಿದ್ದಾಗ ತೊಟ್ಟಿಲಕ್ಕ ಉದ್ದನ್ನ ದಾರ ಕಟ್ಟಿ ಒಲಿ ಮುಂದ ಕುಂತು ಎಳೀತಿದ್ದೆ. ನಿನಗೂ ಹಂಗೇ ಎಳದೀನಿ. ಹಂಗ ಮಾಡಮು. ಒಂದು ತುದಿ ನಿನ್ನ ಕಾಲಾಗ ಕಟ್ಟಿಕೊ, ಬಾಗಿಲಾ ಕೆಳಗಿಂದ ಈ ತುದಿ ನನ್ನ ಕೈಯಾಗ ಇರ್ಲಿ. ಒಂದು ಪುಟಾ ಮುಗದಾಗ ಒಮ್ಮೆ ಕಾಲು ಅಲುಗಿಸು. ನಾ ಬಾಯಿ ತೆರಿಯಾಂಗಿಲ್ಲ."

"ಮತ್ತ ಬಾಗಿಲಾ? ಗಾಳಿಗಿ?"

"ಬಾಗಿಲಕ್ಕ ನಾ ಬೆನ್ನು ಕೊಟ್ಟು ಕುಂದರ್ತೀನಿ."

ನಾನು ಪಕ್ಕದಲ್ಲಿ ಕೂತು ಆಕೆಯ ಮೊಣಕಾಲ ಮೇಲೆ ತಲೆಯಿಟ್ಟು ಅತ್ತೆ. ತಪ್ಪಾಯಿತು ಎಂದೆ. ಆಕೆ ಸುತಳಿಯ ಗಂಟು ಬಿಡಿಸುತ್ತಾ, "ನೀ ಅಂದದ್ದು ಖೊಟ್ಟಿ ಏನಲ್ಲ. ಎಲ್ಲಾ ಬಾಗಿಲಾ ಅಂಥಾವ ಇರಾಂಗಿಲ್ಲ. ನನಗ ತಿಳೀತದ, ಕಾಲಿಗಿ ತಿಳಿಯಾಂಗಿಲ್ಲ, ಅವು ಓಡಿ ಬರ್ತಾವ" ಎಂದಳು. ಅತ್ತೆಯ ಸಂಗತಿಯನ್ನು ಆಕೆ ನನ್ನೊಂದಿಗೆ ಆಡಿದ್ದು ಅಷ್ಟೇ, ಹೆಸರು ಎತ್ತದೆ.

ಮೂರನೆಯ ಪ್ರಾಕ್ಟೀಸು ಸುತಳಿಯೊಂದಿಗೆ ನಡೆಯಿತು. ನನ್ನ ಎಡಗಾಲಿನ ಹೆಬ್ಬೆರಳಿಗೆ ಒಂದು ತುದಿ, ಬಾಗಿಲಾಚೆ ಆಯಿಯ ಕೈಯಲ್ಲಿ ಒಂದು ತುದಿ. ಪುಟ ಮುಗಿದಾಗ ಒಂದು ಜಗ್ಗು, ಆಚೆಯಿಂದ ಒಂದು ಜಗ್ಗು. ಬಾಗಿಲು ಒಮ್ಮೆಯೂ ತೆರೆಯಲಿಲ್ಲ. ಪರೀಕ್ಷೆ ಬರೆಯುವಾಗ ಹೊರಗಿನವರೊಂದಿಗೆ ಸಂಪರ್ಕ ಇರಬಾರದು ಎಂಬ ಸಾಲು ಕಾಗದದಲ್ಲಿತ್ತು, ಅದನ್ನು ನಾನು ಕನ್ನಡಕ್ಕೆ ತರುವಾಗ ಹಾರಿಸಿದ್ದೆ. ಬೇಡದ ಸಾಲು ಹಾರಿಸು ಎಂದು ಸರ್ ಹೇಳಿಕೊಟ್ಟಿದ್ದರಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಹತ್ತು ಗಂಟೆ. ಅಪ್ಪ ದನಗಳನ್ನು ದೂರದ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದ, ಅವು ಕೂಗಬಾರದೆಂದು. ಅವ್ವ ಹಣೆಗೆ ವಿಭೂತಿ ಹಚ್ಚಿದಳು. ಆಯಿ ಒಂದು ಚೀಲ ಮಡಿಚಿ ಹಾಸಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಗಾಳಿ ಬೆಳಗಿನಿಂದಲೇ ಎದ್ದಿತ್ತು.

ಮೊದಲ ಎಚ್ಚರಿಕೆ ಮೊದಲ ಪ್ರಶ್ನೆಗೂ ಮುಂಚೆ ಬಂತು. ಶುರು ಎಂಬ ಗುಂಡಿ ಕಂಡಿತು, ಕೈ ತಾನಾಗಿ ಲ್ಯಾಪ್‌ಟಾಪನ್ನು ಹಿಡಿಯಿತು, ಹಣೆ ತಾನಾಗಿ ಬಾಗಿ ಅದಕ್ಕೆ ಮುಟ್ಟಿತು. ಪೋಥಿಗೆ ನಮಸ್ಕಾರ! ತಲೆ ಎತ್ತುವಷ್ಟರಲ್ಲಿ ಮುಖ ಕಾಣುತ್ತಿಲ್ಲ ಎಂದು ಕೆಂಪು ಅಕ್ಷರ, ಪರದೆಯ ಅಂಚಿಗೆ ನನ್ನ ಹಣೆಯ ವಿಭೂತಿ. ಇನ್ನೆರಡು ಉಳಿದವು. ನನ್ನನ್ನು ನಾನೇ ಎರಡು ಭಾಷೆಯಲ್ಲಿ ಬೈದುಕೊಂಡೆ, ತುಟಿ ಆಡಿಸದೆ.

ಮೊದಲ ಪುಟ ಮುಗಿಯಿತು, ಜಗ್ಗಿದೆ, ಉತ್ತರ ಬಂತು. ಎರಡನೆಯದೂ ಹಾಗೆಯೇ. ಮೂರನೆಯದು ಒಬ್ಬ ಮುದುಕಿ ಅಣೆಕಟ್ಟಿನಲ್ಲಿ ಮುಳುಗಿದ ತನ್ನ ಊರನ್ನು ಬೇಸಿಗೆಯಲ್ಲಿ ನೀರು ಇಳಿದಾಗ ನೋಡಲು ಹೋಗುವ ಕತೆ. ಪ್ರಶ್ನೆ ಮೊದಲು ನೋಡಬೇಕು ಎಂಬುದನ್ನೂ ಮರೆತು ನಾನು ಆ ಊರಿನೊಳಗೆ ಹೋಗಿಬಿಟ್ಟೆ. ಕಾಲು ಅಲುಗಿಸುವುದು ಎಲ್ಲಿಯ ನೆನಪು. ಎಷ್ಟು ಹೊತ್ತಾಗಿತ್ತೋ, ಹೆಬ್ಬೆರಳು ಕಿತ್ತು ಬರುವಂತೆ ಆಚೆಯಿಂದ ಜಗ್ಗಿತು. ಬೆಚ್ಚಿ ಕೆಳಗೆ ನೋಡಿದೆ. ಪರದೆ ಬಿಟ್ಟು ನೋಡುತ್ತಿದ್ದೀರಿ ಎಂದು ಎರಡನೆಯ ಎಚ್ಚರಿಕೆ. ಸಿಟ್ಟಿನಿಂದ ಎರಡು ಸಲ ಜಗ್ಗಿದೆ: ಇದ್ದೇನೆ, ಇದ್ದೇನೆ!

ನಾಲ್ಕನೆಯ ಪುಟ ಮುಗಿಸಿ ಕಾಲು ಎಳೆದೆ. ಸುತಳಿ ಬಿಗಿಯಾಗಲಿಲ್ಲ. ಇನ್ನೂ ಎಳೆದೆ. ಹಗುರಾಗಿ, ಸುಮ್ಮನೆ, ಅದು ಒಳಗೆ ಸರಿದು ಬಂತು. ಆಚೆಯ ತುದಿ ಬಾಗಿಲ ಕೆಳಗಿನಿಂದ ಒಳಗೆ ಬಂದದ್ದು ಕಾಲಿಗೆ ತಿಳಿಯಿತು. ಆಚೆ ಯಾರೂ ಅದನ್ನು ಹಿಡಿದಿರಲಿಲ್ಲ.

ವಯಸ್ಸಾದ ಜೀವ, ಬೆಳಗ್ಗೆ ಚಹಾ ಬಿಟ್ಟರೆ ಏನೂ ತಗೊಂಡಿಲ್ಲ, ಅಲ್ಲೇ ಹೊರಳಿಕೊಂಡಿದ್ದರೆ? ಕೂಗಿದರೆ ಮೂರನೆಯ ಎಚ್ಚರಿಕೆ. ಎದ್ದರೂ ಮೂರನೆಯದೇ. ಮುಚ್ಚಿದ ಬಾಗಿಲಿನ ಆಚೆ ಸದ್ದಿಲ್ಲದಿದ್ದರೆ ಹೇಗಿರುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು. ಇಷ್ಟು ವರ್ಷ ಆಕೆ ಇದನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡು ತೊಗರಿ ಕೇರುತ್ತಿದ್ದಳೇ ಎಂದು ಕಣ್ಣು ಮಂಜಾಯಿತು. ಏಳಲೆಂದು ಕುರ್ಚಿಯ ಅಂಚು ಹಿಡಿದೆ.

ಆಗ ಗಾಳಿ ಬಂತು. ಚಾವಣಿಯ ತಗಡು ಕಿರುಗುಟ್ಟಿತು, ಬಾಗಿಲು ಹೊರಕ್ಕೆ ಒಂದು ಬೆರಳಿನಷ್ಟು ಸರಿಯಿತು, ಒಂದು ಗೆರೆ ಬೆಳಕು ಒಳಗೆ ಬಂತು. ಅಷ್ಟಕ್ಕೇ ನಿಂತಿತು. ಮತ್ತೆ ಮೆಲ್ಲಗೆ, ಒಂದು ಭಾರ ಒರಗಿದ ಹಾಗೆ, ಬಾಗಿಲು ಹಿಂದಕ್ಕೆ ಬಂದು ಕೂತಿತು. ಗಾಳಿ ಮತ್ತೆ ಎಳೆಯಿತು, ಬಾಗಿಲು ಅಲುಗಲಿಲ್ಲ. ಆಯಿ ಅಲ್ಲೇ ಇದ್ದಳು. ನಾನು ಕುರ್ಚಿಯ ಅಂಚು ಬಿಟ್ಟು ಉಸಿರು ಎಳೆದುಕೊಂಡೆ.

ಬರೆಯುವ ಭಾಗದಲ್ಲಿ ಎರಡು ವಿಷಯ ಕೊಟ್ಟಿದ್ದರು. ಮನೆಯಿಂದ ಕಲಿಯುವುದರ ಲಾಭ ನಷ್ಟ ಒಂದು. ನಿಮ್ಮ ಮನೆಯಲ್ಲಿ ಮಾತ್ರ ಇರುವ ಒಂದು ರೂಢಿ ಇನ್ನೊಂದು. ಸರ್ ನಮಗೆ ಲಾಭ ನಷ್ಟಗಳನ್ನು ಬಾಯಿಪಾಠ ಮಾಡಿಸಿದ್ದರು, ಏಳು ಲಾಭ, ಐದು ನಷ್ಟ. ನಾನು ಬಾಗಿಲಿನ ಬಗ್ಗೆ ಬರೆದೆ. ಬಡಿಗ, ತಂಬಿಗೆ, ಅತ್ತೆ, ಗಾಳಿ, ಈಗ ಆಚೆ ಬೆನ್ನು ಕೊಟ್ಟು ಕೂತವಳು. ಸುತಳಿಯ ಸುದ್ದಿ ಮಾತ್ರ ಬರೆಯಲಿಲ್ಲ. ಅಷ್ಟು ಬುದ್ಧಿ ಉಳಿದಿತ್ತು.

ಮುಗಿಯಿತು ಎಂಬ ಹಸಿರು ಅಕ್ಷರ ಬಂದ ಕೂಡಲೇ ಎದ್ದು ಹೋಗಿ ಬಾಗಿಲು ತಳ್ಳಿದೆ. ತೆರೆಯಲಿಲ್ಲ. ಮತ್ತೆ ತಳ್ಳಿದೆ. ಹುಟ್ಟಿದಾಗಿನಿಂದ ನಮ್ಮ ಮನೆಯ ಯಾವ ಬಾಗಿಲೂ ಒಳಗಿನಿಂದ ತಳ್ಳಿದರೆ ತೆರೆಯದೆ ಇರಲಿಲ್ಲ. ನನಗರಿವಿಲ್ಲದೆ ದನಿ ಎದ್ದಿತು.

"ಆಯಿ! ಆಯಿ, ಬಾಗಿಲಾ!"

ಕೂಗಿದ ಮೇಲೆ ಗೊತ್ತಾಯಿತು, ಇದೇ ಕೂಗನ್ನು ಆಕೆ ಒಮ್ಮೆ ಕೇಳಿದವಳು. ನಾಲಿಗೆ ಕಚ್ಚಿಕೊಂಡೆ.

"ತಡೀ, ತಡೀ ನನ್ನವ್ವಾ, ಬಂದೆ. ಮೊಣಕಾಲು ಹಿಡದಾವ. ಬಂದೆ ನೋಡು, ಬಂದೆ."

ಆಕೆ ಏಳುವುದು, ಗೋಡೆ ಹಿಡಿಯುವುದು, ಬಳೆಯ ಸದ್ದು, ಎಲ್ಲ ಕೇಳಿಸಿತು. ಬಾಗಿಲು ತೆರೆಯಿತು. ಬಿಸಿಲಿನಲ್ಲಿ ಆಯಿ ನಿಂತಿದ್ದಳು, ಬೆನ್ನಿನ ಸೀರೆಗೆ ಬಾಗಿಲ ನೀಲಿ ಬಣ್ಣ ಹತ್ತಿತ್ತು. ನನ್ನ ಮುಖವನ್ನು ಎರಡೂ ಕೈಯಿಂದ ಹಿಡಿದು ತಲೆಯಿಂದ ಕಾಲಿನವರೆಗೆ ನೋಡಿದಳು, ಸಂತೆಯಲ್ಲಿ ಕಳೆದ ಕೂಸು ಸಿಕ್ಕಂತೆ. "ತೆರೀತು ನೋಡು" ಎಂದಳು. ಎರಡು ಸಲ ಅದನ್ನೇ ಅಂದಳು. ಆಮೇಲೆ ಹೊಸ್ತಿಲಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವ್ವ ನೀರು ತಂದಳು. ನಾವು ಮೂವರೂ ಸಾಕಷ್ಟು ಅತ್ತೆವು, ಆಮೇಲೆ ಚಹಾ ಕುಡಿದೆವು, ಅಂಥ ಹಗುರಾದ ಚಹಾ ನಾನು ಮತ್ತೆ ಕುಡಿದಿಲ್ಲ.

"ದಾರ ಯಾಕ ಬಿಟ್ಟಿ?" ಎಂದು ಕೇಳಿದೆ. "ನನ್ನ ಜೀವ ಹೋಗಿತ್ತು."

"ನಾ ಜಗ್ಗಿದಾಗ ಎರಡ್ಸಲಾ ಜಗ್ಗಿದಿ ನೋಡು, ಸಿಟ್ಟಿಲೆ. ಓದಿನಾಗ ಮುಳಿಗ್ಯಾಳ ಹುಡುಗಿ ಅಂತ ತಿಳೀತು. ಕೂಸಿಗಿ ನಿದ್ದಿ ಹತ್ತಿದ ಮ್ಯಾಗ ದಾರ ಬಿಡಬೇಕವ್ವಾ, ಇಲ್ಲಂದ್ರ ನಾವೇ ಎಬ್ಬಿಸಿದಂಗ ಆಗ್ತದ." ಆಮೇಲೆ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಾ, "ಬಿಟ್ಟ ಮ್ಯಾಗ ಹೆಂಗ ಕುಂತೀನಿ ಅಂತ ಮಾತ್ರ ಕೇಳಬ್ಯಾಡ" ಎಂದಳು.

ಸುತಳಿಯ ಸಂಗತಿಯನ್ನು ನಾನು ಸರ್‌ಗೆ ಫೋನಿನಲ್ಲಿ ಒಪ್ಪಿಕೊಂಡೆ. ಅವರು "ಉತ್ತರ ಏನರೆ ಬಂತೇನ ಆ ದಾರದಾಗ?" ಎಂದರು. ಇಲ್ರೀ ಎಂದೆ. "ಹಂಗಾದ್ರ ಬಿಡು. ಆಯಿಗಿ ನನ್ನ ಶರಣು ಹೇಳು" ಎಂದು ಫೋನ್ ಇಟ್ಟರು. ತಿಂಗಳಿಗೆ ಪಟ್ಟಿ ಬಂತು, ನನ್ನ ನಂಬರ್ ಅದರಲ್ಲಿತ್ತು. ಕೊನೆಯಿಂದ ಎಣಿಸಿದರೆ ಬೇಗ ಸಿಗುತ್ತಿತ್ತು, ಆದರೆ ಇತ್ತು. ಅಪ್ಪ ಊರಿಗೆಲ್ಲ ಪೇಡೆ ಹಂಚಿದ.

ಕಾಲೇಜು ತೆರೆದಾಗ ನನ್ನನ್ನು ಬಿಡಲು ಅಪ್ಪನ ಜೊತೆ ಆಯಿಯೂ ಪುಣೆಗೆ ಬಂದಳು, ಬೇಡವೆಂದರೂ ಕೇಳಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ನನ್ನ ಹಾಸಿಗೆ ಮುಟ್ಟಿ ನೋಡಿದಳು, ಕಿಟಕಿಯ ಸರಳು ಅಲುಗಿಸಿದಳು, ಮಾಳಿಗೆ ಯಾತರದು ಎಂದು ಕೇಳಿದಳು. ಕೊನೆಗೆ ಬಾಗಿಲಿನ ಹತ್ತಿರ ಹೋಗಿ ನಿಂತಳು. ಒಳಕ್ಕೆ ತೆರೆಯುವ ಬಾಗಿಲು, ಒಳಗೆ ಗಟ್ಟಿ ಕಬ್ಬಿಣದ ಚಿಲಕ. ನಾನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆ ಚಿಲಕವನ್ನು ಎರಡು ಸಲ ಸರಿಸಿ, ತೆಗೆದು ನೋಡಿದಳು. ತನ್ನ ಚೀಲದಿಂದ ಸಣ್ಣ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಅದಕ್ಕೆ ನಾಲ್ಕು ಹನಿ ಬಿಟ್ಟು ಮತ್ತೆ ಸರಿಸಿದಳು. ಈಗ ಅದು ಸದ್ದಿಲ್ಲದೆ ಸರಿಯಿತು.

ಆಮೇಲೆ ಅಪ್ಪನನ್ನೂ ಕರೆದುಕೊಂಡು ಹೊರಗೆ ಹೋಗಿ ನಿಂತು, ಬಾಗಿಲನ್ನು ತಾನೇ ಎಳೆದು ಮುಚ್ಚಿದಳು. ಆಚೆಯಿಂದ ಆಕೆಯ ದನಿ ಬಂತು.

"ಚಿಲಕ ಹಾಕ್ಕೊ."

ನಾನು ಹಾಕಿದೆ. ಅಂಗೈಯನ್ನು ಬಾಗಿಲಿಗೆ ಒತ್ತಿ ನಿಂತೆ. ಆಕೆ ಆಚೆ ಕಾಯುತ್ತಾ ನಿಲ್ಲಲಿಲ್ಲ. ಬಸ್ಸಿನ ಹೊತ್ತಾಯಿತು ಎಂದು ಅಪ್ಪನಿಗೆ ಹೇಳುತ್ತಾ, ಮೆಟ್ಟಿಲು ಇಳಿದು ಹೋದಳು.